ಒರೆಸಿದ ಕನ್ನಡಿಯ ಮೇಲೊಂದು ಕೈ

ಬೆಳಿಗ್ಗೆ ಒರೆಸಿದ ಕನ್ನಡಿಯ ಮೇಲೆ, ಇನ್ನೂ ಒಬ್ಬ ಗಿರಾಕಿಯೂ ಒಳಗೆ ಕಾಲಿಡದ ಹೊತ್ತಿನಲ್ಲಿ, ಒಂದು ಕೈ ಇತ್ತು. ಐದು ಬೆರಳು, ಒಂದು ಅಂಗೈ, ಹೆಬ್ಬೆರಳಿನ ಬುಡದಲ್ಲಿ ಇನ್ನೂ ಆರದ ಒದ್ದೆ. ಮೂತಿ ಬಕೆಟ್ ಕೆಳಗಿಟ್ಟು ನಿಂತಳು. ಕನ್ನಡಿಯೊಳಗಿನ ಮೂತಿಯೂ ಬಕೆಟ್ ಕೆಳಗಿಟ್ಟು ನಿಂತಳು, ಆ ಕೈ ಅವಳ ಕೆನ್ನೆಯ ಮೇಲೆ ಸರಿಯಾಗಿ ಕೂತಿತ್ತು, ಯಾರೋ ಈಗತಾನೇ ಬಾರಿಸಿ ಹೋದ ಹಾಗೆ. ಮೂತಿ ಎನ್ನುವುದು ಅಮ್ಮ ಇಟ್ಟ ಅಡ್ಡಹೆಸರು, ಹುಟ್ಟುವಾಗಲೇ ಮೂತಿ ಊದಿಸಿಕೊಂಡು ಬಂದವಳು ಎಂದು. ಹದಿನೆಂಟು ತುಂಬಿದರೂ ಊತವೂ ಇಳಿದಿರಲಿಲ್ಲ, ಹೆಸರೂ ಇಳಿದಿರಲಿಲ್ಲ. ಈ ಕೈ ಕಂಡದ್ದು ಇದೇ ಮೊದಲೂ ಅಲ್ಲ. ಹೋದ ವಾರ ಒಂದು, ಅದಕ್ಕೂ ಮೊದಲು ಒಂದು, ಎಲ್ಲವೂ ನಡುಕೋಣೆಯಲ್ಲೇ, ಕಂಬವಿಲ್ಲದೆ ಕನ್ನಡಿಗೆ ಕನ್ನಡಿ ಅಂಟಿಕೊಂಡಿರುವ ಆ ದುಂಡು ಕೋಣೆಯಲ್ಲೇ. ಅಮ್ಮ ಒರೆಸುತ್ತಾಳೆ, ಹಿಂದೆಯೇ ತಂಗಿ ಬೆಣ್ಣೆ ಬರುತ್ತಾಳೆ, ಅವಳ ಹಿಂದೆ ನೆಲದ ಬಟ್ಟೆ ಹಿಡಿದು ಮೂತಿ. ಮೂವರನ್ನು ಬಿಟ್ಟರೆ ಒಳಗೆ ಬರುವವರಿಲ್ಲ. ಹಾಗಾದರೆ ಇದು ಯಾರ ಕೈವಾಡ?

ಪಾರ್ಕಿನ ತುದಿಯಲ್ಲಿ, ಜಾಯಿಂಟ್ ವೀಲಿನ ನೆರಳು ತಿರುತಿರುಗಿ ಬೀಳುವ ಕಡೆ ಕನ್ನಡಿ ಮನೆ. ಹೊರಗೆ ಬಿಟ್ಟಿಯಾಗಿ ದಾರಿ ತಪ್ಪುವುದು ಸಾಲದೆಂದು ಜನ ಇಲ್ಲಿ ಟಿಕೆಟ್ ತೆಗೆದುಕೊಂಡು ತಪ್ಪುತ್ತಿದ್ದರು. ಒಳಗೆ ಸಾಲುಸಾಲು ಕಂಬ, ಕಂಬಗಳ ನಡುವೆ ಚೌಕಟ್ಟು, ಕೆಲವು ಚೌಕಟ್ಟಿನಲ್ಲಿ ಕನ್ನಡಿ, ಕೆಲವದರಲ್ಲಿ ಬರೀ ಗಾಳಿ. ಯಾವುದು ಕನ್ನಡಿ, ಯಾವುದು ಗಾಳಿ ಎಂದು ಗೊತ್ತಾಗದಿರುವುದೇ ವ್ಯಾಪಾರ. ಕನ್ನಡಿಯ ಮೇಲೆ ಕೈಗುರುತು ಬಿತ್ತೋ, ಮುಗಿಯಿತು. ಗುರುತಿದ್ದ ಕಡೆ ಗಾಜು, ಇಲ್ಲದ ಕಡೆ ದಾರಿ ಎಂದು ದಡ್ಡನಿಗೂ ಹೊಳೆದುಬಿಡುತ್ತದೆ. ಅದಕ್ಕೇ ಒರೆಸುವುದು. ಅಮ್ಮ ಮೂತಿಯನ್ನು ಸೊಂಟದ ಮೇಲೆ ಹೊತ್ತಿದ್ದ ಕಾಲದಿಂದಲೂ ಇಲ್ಲಿ ಒರೆಸುತ್ತಿದ್ದವಳು, ಒಂದು ದಿನವೂ ಗಾಜಿಗೆ ಬರಿಗೈ ತಾಗಿಸಿದವಳಲ್ಲ. "ನೆಲ ನೋಡ್ಕೊಂಡು ನಡಿಯೇ. ಕನ್ನಡಿ ನೋಡಿದ್ರೆ ನಿನ್ನನ್ನೇ ನೋಡ್ಕೊಂಡು ನಿಂತ್ಬಿಡ್ತೀಯ." ಚಿಕ್ಕವಳಿದ್ದಾಗ ಮೂತಿ ಒಮ್ಮೆ ಕನ್ನಡಿಯೊಳಗಿನ ಅಮ್ಮನನ್ನು ಮುಟ್ಟಲು ಹೋಗಿ ಎರಡೂ ಕೈ ಒತ್ತಿದ್ದಳು. ಹೊರಗಿನ ಅಮ್ಮ ಬಂದು ಹೊಡೆದಿದ್ದಳು. ಆ ಏಟು ಕೆನ್ನೆಯಲ್ಲಿ ಅಂದೇ ಆರಿತು, ಒಳಗೆ ಎಲ್ಲೋ ಇನ್ನೂ ಚುರುಗುಟ್ಟುತ್ತಿತ್ತು. ಅಮ್ಮ ಬೆಣ್ಣೆಗೆ ಎಂದಾದರೂ ಹೊಡೆದದ್ದುಂಟೇ?

ಬೆಣ್ಣೆ ಚಿಕ್ಕಮ್ಮನ ಮಗಳು, ಮೂತಿಗಿಂತ ಒಂದು ವರ್ಷಕ್ಕೆ ಚಿಕ್ಕವಳು. ಚಿಕ್ಕಮ್ಮನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿ, ಮಗಳು ಇವರ ಮನೆಯಲ್ಲಿ ಉಳಿದಿದ್ದಳು. ಮಗುವಾಗಿದ್ದಾಗ ಬೆಳ್ಳಗೆ ದುಂಡಗಿದ್ದಳೆಂದು ಆ ಹೆಸರು. ಹಚ್ಚುವ ಗುಣದಿಂದ ಬಂದದ್ದು ಎನ್ನುವುದು ಮೂತಿಯ ಸಂಶೋಧನೆ. ಬೆಣ್ಣೆ ಬಂದ ಮೇಲೆ ಮನೆಯಲ್ಲಿ ಎಲ್ಲವೂ ಜಾರತೊಡಗಿತು. ಸೂಜಿಗೆ ದಾರ ಪೋಣಿಸಲು ಬೆಣ್ಣೆ, ಔಷಧಿ ಶೀಶೆಯ ಮೇಲಿನದನ್ನು ಓದಲು ಬೆಣ್ಣೆ, ಕೆಲಸಕ್ಕೆ ಹೋಗುವಾಗ ಅಮ್ಮನ ತೋಳಿಗೆ ತೋಳು ಸೇರಿಸಿ ಮದುವೆ ಗಂಡಿನ ಹಾಗೆ ಬೆಣ್ಣೆ. ಮೂತಿ ಬುತ್ತಿಯ ಚೀಲ ಹೊತ್ತು ಹಿಂದೆ. ಊಟಕ್ಕೆ ಕೂತರೆ ಬೆಣ್ಣೆಯೇ ಅಮ್ಮನ ತಟ್ಟೆಗೆ ಬಡಿಸಿ, ಯಾವುದು ಎಲ್ಲಿದೆ ಎಂದು ಅಮ್ಮನ ಬೆರಳು ಹಿಡಿದು ತೋರಿಸುವಳು, ಏನು ಮುದ್ದೋ! ಮೂತಿ ಹೊಸ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತರೆ ಅಮ್ಮ ಅವಳ ಭುಜದಾಚೆ ಎಲ್ಲೋ ನೋಡಿ "ಚೆನ್ನಾಗಿದೆ" ಎನ್ನುವಳು. ಬಂದವರೆಲ್ಲ "ಈ ಹುಡುಗಿಗೆ ದೊಡ್ಡಮ್ಮನ ಮೂಗು ಬಂದಿದೆ" ಎಂದು ಬೆಣ್ಣೆಯನ್ನು ಹೊಗಳುವರು. ಮೂತಿಗೆ ಏನು ಬಂದಿದೆ ಎಂದು ಒಬ್ಬರೂ ಹೇಳಿರಲಿಲ್ಲ. ಸಿಟ್ಟು ಬಂದಿದೆ ಎಂದು ಅವಳೇ ಹೇಳಿಕೊಳ್ಳಬೇಕಿತ್ತು. ಮೊನ್ನೆ ಅಡುಗೆಮನೆಯಲ್ಲಿ, ತಟ್ಟೆಗಳ ಸದ್ದಿನ ನಡುವೆ, ಅಮ್ಮ ಇನ್ನೊಂದನ್ನೂ ಹೇಳಿಬಿಟ್ಟಿದ್ದಳು. "ಕನ್ನಡಿ ಮನೆ ಬೀಗದ ಕೈ ಇನ್ಮೇಲೆ ಬೆಣ್ಣೆ ಹತ್ರ ಇರ್ಲಿ. ಮ್ಯಾನೇಜರ್ ಸೀಟಿ ರಜೆ ಮುಗಿದ ಬೆಳಿಗ್ಗೆ ಬಂದು ಒಂದ್ಸಲ ನೋಡ್ತಾನಂತೆ, ಇವಳು ನಡೆಸ್ತಾಳೋ ಇಲ್ವೋ ಅಂತ." ಮೂತಿ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. "ನಾನೇನ್ ಸತ್ತಿದೀನಾ?" ಎಂಬ ಮಾತು ಬಾಯಿಗೆ ಬಂದು, ಹಲ್ಲಿಗೆ ತಾಗಿ, ವಾಪಸು ಹೋಯಿತು. ಮಾರನೆಯ ದಿನದಿಂದ ಬೆಣ್ಣೆಯ ಕೊರಳಿನ ಗೊಂಚಲು ಅವಳು ನಡೆದಾಗೆಲ್ಲ ಝಣಝಣ ಎನ್ನತೊಡಗಿತು, ಮೂತಿಯ ಕಿವಿಯಲ್ಲೇ ಯಾರೋ ಚಿಲ್ಲರೆ ಕುಲುಕಿದ ಹಾಗೆ.

ಆದ್ದರಿಂದ ಈ ಕೈ ಸಿಕ್ಕಿದ್ದು ಒಳ್ಳೆಯದೇ ಆಯಿತು. ಬೆಣ್ಣೆಗೆ ಕನ್ನಡಿ ಒರೆಸುವುದಕ್ಕೇ ಬರುವುದಿಲ್ಲ ಎಂದಾದರೆ ಬೀಗದ ಕೈ ಯಾಕೆ? ಮೂತಿ ಪತ್ತೇದಾರಿಕೆಗೆ ಇಳಿದಳು. ಚಹಾದ ಕೆಟಲ್ಲಿನ ಹಬೆ ಅಡುಗೆಮನೆಯ ಕಿಟಕಿಗೆ ಹಿಡಿದಿದ್ದಾಗ "ನೋಡೇ ಬೆಣ್ಣೆ, ಕೈ ಇಟ್ರೆ ಎಷ್ಟು ತಣ್ಣಗಿದೆ" ಎಂದು ಮುದ್ದಾಗಿ ಕರೆದಳು. ಅಪರೂಪದ ಮುದ್ದಿಗೆ ಕರಗಿ ಬೆಣ್ಣೆ ಕೈ ಒತ್ತಿದಳು. ಪುಟ್ಟ ಕೈ, ಗಿಡ್ಡ ಬೆರಳು. ಹೊಂದಲಿಲ್ಲ. ಮೂತಿಗೆ ತನ್ನದೇ ಅಪರಾಧ ಸಾಬೀತಾಗಿದ್ದರೂ ಇಷ್ಟು ಬೇಸರ ಆಗುತ್ತಿರಲಿಲ್ಲ. ಮುಂದಿನ ಶಂಕಿತ ಪಕ್ಕದ ಭೂತ ಬಂಗಲೆಯ ದೆವ್ವದ ಮಾಮ. ದಿನವಿಡೀ ಹೆಣದ ಪೆಟ್ಟಿಗೆಯಿಂದ ಎದ್ದೆದ್ದು ಅವನ ಸೊಂಟವೇ ಹೆಣವಾಗಿತ್ತು. ಅವನು ಮುಖಕ್ಕೆ ಬಿಳಿ ಬಣ್ಣ ಬಳಿದುಕೊಳ್ಳುತ್ತ ಕೂತಿದ್ದಾಗ ಹೋಗಿ ಕೇಳಿದಳು.

"ಮಾಮ, ಬೆಳಿಗ್ಗೆ ನಮ್ಮ ಕಡೆ ಬಂದಿದ್ರಾ?"

"ನಾನ್ಯಾಕಮ್ಮ ಬರ್ಲಿ? ಸಂಬಳದ ದೆವ್ವ ನಾನು, ಗೇಟ್ ತೆಗೆಯೋವರೆಗೂ ಯಾರನ್ನೂ ಹಿಡ್ಕೊಳ್ಳಲ್ಲ."

"ಕನ್ನಡಿ ಮೇಲೆ ಯಾರದೋ ಕೈ ಬೀಳ್ತಿದೆ."

"ನಿಂದಿರ್ಬೇಕು ನೋಡ್ಕೋ. ಹೊಟ್ಟೆ ಉರಿಯೋರು ನಿದ್ದೇಲೂ ಓಡಾಡ್ತಾರಂತೆ."

ಮಾಮ ತಮಾಷೆಗೆ ಅಂದದ್ದು. ಆದರೂ ಮಾರನೆಯ ಬೆಳಿಗ್ಗೆ ನಡುಕೋಣೆಯಲ್ಲಿ ಮತ್ತೊಂದು ಕೈ ಕಂಡಾಗ ಮೂತಿ ಸುತ್ತ ನೋಡಿ, ಅದರ ಮೇಲೆ ತನ್ನ ಕೈ ಇಟ್ಟಳು. ಬೆರಳಿಗೆ ಬೆರಳು ಕೂತಿತು. ಉದ್ದನೆಯ ನಡುಬೆರಳು, ಒಳಕ್ಕೆ ಬಾಗಿದ ಕಿರುಬೆರಳು, ಎಲ್ಲವೂ ಅಚ್ಚು ಹಾಕಿದ ಹಾಗೆ. ಕೈ ಕಿತ್ತುಕೊಂಡಳು. ಸುತ್ತಲಿನ ಮೂತಿಗಳೆಲ್ಲ ಕೈ ಕಿತ್ತುಕೊಂಡು ಅವಳನ್ನೇ ದುರುಗುಟ್ಟಿದವು. ತಾನು ಮುಟ್ಟಿಲ್ಲ. ಮುಟ್ಟಿದ್ದರೆ ನೆನಪಿರುತ್ತಿತ್ತು. ಹಾಗಾದರೆ ಬೆಣ್ಣೆಯೇ ಏನೋ ಹೂಡುತ್ತಿದ್ದಾಳೆ, ಸೀಟಿ ಬಂದ ದಿನ ಅವನ ಮುಂದೆ "ಇದು ಅಕ್ಕನ ಕೈ" ಎಂದು ತೋರಿಸಲು. ಹೇಗೆ ಹೂಡಿದಳು, ಗಾಜಿನ ಮೇಲೆ ಇನ್ನೊಬ್ಬರ ಕೈ ಬಿಡಿಸುವುದು ಹೇಗೆ ಎಂಬುದೆಲ್ಲ ಮೂತಿಗೆ ಬೇಕಿರಲಿಲ್ಲ. ಹೊಟ್ಟೆಕಿಚ್ಚಿನಲ್ಲಿ ಹೊಗೆಯೇ ಜಾಸ್ತಿ, ಬೆಳಕು ಕಡಿಮೆ. ಆ ಕೈ ಅಮ್ಮನದಿರಬಹುದು ಎಂದು ಮಾತ್ರ ಅವಳಿಗೆ ಒಂದು ಗಳಿಗೆಯೂ ಹೊಳೆಯಲಿಲ್ಲ. ಲೋಕದಲ್ಲಿ ಕನ್ನಡಿ ಮುಟ್ಟದ ಕೈ ಅದೊಂದೇ ತಾನೆ.

ವಾರದ ರಜೆಯ ದಿನ ಕನ್ನಡಿ ಮನೆಯಲ್ಲಿ ಒಂದು ಪದ್ಧತಿ ಇತ್ತು. ಒಂದು ಕನ್ನಡಿಯನ್ನು ಬಿಚ್ಚಿ ಪಕ್ಕದ ಖಾಲಿ ಚೌಕಟ್ಟಿಗೆ ಹಾಕುವುದು, ದಾರಿ ಬಾಯಿಪಾಠ ಮಾಡಿಕೊಂಡ ಹುಡುಗರ ಸೊಕ್ಕು ಮುರಿಯಲು. ಬದಲಾಯಿಸಿದವರು ಮಾರನೆಯ ದಿನ ಬಾಗಿಲು ತೆಗೆಯುವ ಮೊದಲು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಬೇಕು, ಅದಾದ ಮೇಲೇ ಯಾರಾದರೂ ಒಳಗೆ ಹೋಗಬೇಕು. ಈಚೆಗೆ ಅಮ್ಮ ಏನನ್ನೂ ಬದಲಾಯಿಸುತ್ತಿರಲಿಲ್ಲ. "ಇರ್ಲಿ ಬಿಡು, ಹೀಗೇ ಚೆನ್ನಾಗಿದೆ." ಇದೂ ಬೆಣ್ಣೆಗೆ ಅನುಕೂಲ ಆಗಲೆಂದೇ ಎಂದು ಮೂತಿ ಲೆಕ್ಕ ಹಾಕಿದ್ದಳು. ಆ ರಜೆಯ ಮಧ್ಯಾಹ್ನ ಬೆಣ್ಣೆ ಸ್ನಾನಕ್ಕೆ ಹೋದಾಗ ಮೊಳೆಗೆ ನೇತಾಡುತ್ತಿದ್ದ ಗೊಂಚಲನ್ನು ಮೂತಿ ಎತ್ತಿಕೊಂಡು ಹೋದಳು. ಖಾಲಿ ಪಾರ್ಕಿನಲ್ಲಿ ಮರದ ಕುದುರೆಗಳು ಓಡುವ ಭಂಗಿಯಲ್ಲೇ ನಿಂತಿದ್ದವು. ಗೇಟಿನ ಬಳಿ "ನಗುತ್ತಾ ಒಳಗೆ ಬನ್ನಿ" ಎಂಬ ಬೋರ್ಡು ಯಾರಿಗೂ ಅಲ್ಲದೆ ನಗುತ್ತಿತ್ತು. ನಡುಕೋಣೆಗೆ ತಿರುಗುವ ಕಡೆಯ ತಿರುವಿನಲ್ಲಿ ಮೂತಿ ಕನ್ನಡಿಯನ್ನು ಬಿಚ್ಚಿ, ತೊಡೆಯ ಮೇಲೆ ಒರಗಿಸಿ, ದಾರಿ ಇದ್ದ ಚೌಕಟ್ಟಿಗೆ ಸರಿಸಿದಳು. ಅಂಚಿಗೆ ಏನೋ ಕಪ್ಪು ಟೇಪಿನ ತುಂಡು ಅಂಟಿತ್ತು, ಗಮನಿಸಲಿಲ್ಲ. ಸ್ಕ್ರೂ ತಿರುಗಿಸುವಾಗ ಅಮ್ಮ ಹೇಳಿಕೊಟ್ಟದ್ದು ಒಂದೇ ಪಾಠ. "ತಲೆ ಮೇಲಿನ ಗೀಟು ನೆಟ್ಟಗೆ ನಿಂತಾಗ ಬಿಟ್ಬಿಡು." ಮೂತಿಯ ಕೈ ಎಂದೂ ಅಲ್ಲಿ ನಿಂತದ್ದಿಲ್ಲ. ಇನ್ನೂ ಒಂದು ಚೂರು, ಇನ್ನೂ ಒಂದು ಚೂರು ಎಂದು ಗೀಟು ವಾರೆಯಾಗುವವರೆಗೆ ತಿರುಚುವಳು. "ಅದೇನೇ, ಯಾರದೋ ಕತ್ತು ಹಿಸುಕಿದ ಹಾಗೆ!" ಎಂದು ಅಮ್ಮ ಬೈಯುವಳು. ಅಂದು ಆ ಕತ್ತಿಗೆ ಒಂದು ಹೆಸರೂ ಇತ್ತು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ನಾಳೆ ಬೆಣ್ಣೆ ಸೀಟಿಯನ್ನು ಹಿಂದೆ ಹಾಕಿಕೊಂಡು ಠೀವಿಯಿಂದ ಬಂದು ಇಲ್ಲಿ ಮೂಗು ಜಜ್ಜಿಕೊಳ್ಳುತ್ತಾಳೆ, ದೊಡ್ಡಮ್ಮನಿಂದ ಬಂದ ಆ ಮೂಗನ್ನೇ. ಮೂತಿಗೆ ನಗು ಬಂತು. ಕನ್ನಡಿಗಳಲ್ಲಿ ಅಷ್ಟೊಂದು ಜನ ನಕ್ಕಿದ್ದು ನೋಡಿ ಭಯವೂ ಆಯಿತು.

ಸೀಟಿ ಎಂದರೆ ಮ್ಯಾನೇಜರು. ಕೊರಳಲ್ಲಿ ಸದಾ ಸೀಟಿ ನೇತಾಡುವುದು. ಮಾತಿಗೆ ಮುಂಚೆ ಊದುವನು, ಮಾತಾದ ಮೇಲೂ ಊದುವನು, ನಡುವೆ ಹೇಳಿದ್ದು ಯಾರಿಗೂ ನೆನಪಿರುತ್ತಿರಲಿಲ್ಲ. ಬೆಳಿಗ್ಗೆ ಬಂದವನೇ ಬೆಣ್ಣೆಯನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡ.

"ಕರೆಂಟ್ ಹೋಯ್ತು. ಒಳಗೆ ಜನ ಇದಾರೆ. ಏನ್ ಮಾಡ್ತೀಯ?"

"ಮೊದಲು ಗಾಬರಿ ಆಗ್ಬೇಡಿ ಅಂತೀನಿ ಸರ್."

"ಅವರು ಆದ್ರು."

"ಆಮೇಲೆ ನಾನೂ ಆಗ್ತೀನಿ ಸರ್."

ಸೀಟಿ ಊದಿದ. ಅಷ್ಟರಲ್ಲಿ ಅಮ್ಮ ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು, "ನೀವು ಮಾತಾಡ್ತಿರಿ, ನಾನೊಂದು ಕೈ ಒರೆಸ್ಕೊಂಡ್ ಬರ್ತೀನಿ" ಎಂದು ಪರದೆ ಸರಿಸಿದಳು. ಮೂತಿ ಬಕೆಟ್ ಹಿಡಿದು ಅಲ್ಲೇ ಇದ್ದಳು. "ಅಮ್ಮಾ." "ಏನೇ?" ಅಮ್ಮ ತಿರುಗಿ, ಎಂದಿನಂತೆ, ಅವಳ ಭುಜದಾಚೆ ನೋಡಿದಳು. ಆ ನೋಟವೇ ಮೂತಿಯ ಬಾಯಿ ಕಟ್ಟಿತು. ಇಷ್ಟು ಹತ್ತಿರ ನಿಂತರೂ ನೋಡದವಳಿಗೆ ಏನು ಹೇಳುವುದು? "ಏನಿಲ್ಲ." ಅಮ್ಮ ನೆಲ ನೋಡಿ ನಡೆಯುವವಳು, ತಿರುವಿನಲ್ಲಿ ಥಟ್ಟನೆ ನಿಂತು, ಮಗಳ ಕೆಲಸ ಕಂಡುಹಿಡಿದು ಬೈಯುತ್ತಾಳೆ, ಅಷ್ಟೇ ತಾನೆ. ಅಮ್ಮ ಕನ್ನಡಿಗೆ ಡಿಕ್ಕಿ ಹೊಡೆಯುವುದೆಂದರೆ ಮೀನು ನೀರಲ್ಲಿ ಮುಳುಗಿ ಸತ್ತಂತೆ. ಹೀಗೆ ಅಂದುಕೊಳ್ಳುತ್ತಿರುವಾಗಲೇ ಒಳಗಿನಿಂದ ಸದ್ದು ಬಂತು. ಗಾಜು ಒಡೆದ ಸದ್ದಲ್ಲ. ಗಾಜು ಒಡೆಯದೆ ಉಳಿದ, ಇನ್ನೇನೋ ಒಡೆದ ಸದ್ದು.

ಬೆಣ್ಣೆ ಮೊದಲು ಓಡಿದಳು. ಅದರಲ್ಲೂ ಅವಳೇ ಮೊದಲು. ಮೂತಿ ಹಿಂದೆ ತಲುಪಿದಾಗ ಅಮ್ಮ ತಿರುವಿನಲ್ಲಿ ನೆಲದ ಮೇಲೆ ಕೂತಿದ್ದಳು, ಹಣೆ ಊದುತ್ತಿತ್ತು. ಒಂದು ಕೈ ಚೌಕಟ್ಟಿನ ಅಂಚಿನ ಟೇಪನ್ನೂ ಸ್ಕ್ರೂಗಳನ್ನೂ ಸವರುತ್ತಿತ್ತು, ನಂಬಿದವರು ಸುಳ್ಳು ಹೇಳಿದಾಗ ಅವರ ಮುಖ ಸವರಿ ನೋಡುವ ಹಾಗೆ. ಇನ್ನೊಂದು ಕೈ ಗಾಜಿಗೆ ಅಂಟಿತ್ತು.

"ಬೆಣ್ಣೆನಾ? ಸೀಟಿ ಒಳಗೆ ಬಂದ್ನಾ?"

"ಬರ್ತಿದಾನೆ ದೊಡ್ಡಮ್ಮ. ನೆಲ ನೋಡು. ನೆಲ ನೋಡ್ತಿರೋ ಹಾಗೆ ಇರು."

"ಟೇಪಿನ ಪಟ್ಟಿ ಇತ್ತಲ್ಲೇ. ಪಟ್ಟಿ ಪಕ್ಕ ದಾರಿ ಅಂತ ತಾನೇ ನೀನು..."

"ಶ್!"

ಅಮ್ಮ ಎದ್ದು ಗಾಜಿನಿಂದ ಕೈ ತೆಗೆದಳು. ಕನ್ನಡಿಯ ಮೇಲೆ ಆ ಕೈ ಉಳಿಯಿತು. ಉದ್ದನೆಯ ನಡುಬೆರಳು, ಒಳಕ್ಕೆ ಬಾಗಿದ ಕಿರುಬೆರಳು. ಮೂತಿ ತನ್ನ ಕೈಯನ್ನು ಬೆನ್ನ ಹಿಂದೆ ಅಡಗಿಸಿದಳು, ಕದ್ದ ಮಾಲಿನ ಹಾಗೆ.

ಬೆಣ್ಣೆ ಅಮ್ಮನನ್ನು ಹೊರಗಿನ ಬೆಂಚಿಗೆ ಕರೆದೊಯ್ದು, ಹಣೆಗೆ ಒದ್ದೆ ಬಟ್ಟೆ ಇಟ್ಟು ಒಳಗೆ ಬಂದಳು. ಸೀಟಿ ಕಾಯುತ್ತಿದ್ದ. "ಕನ್ನಡಿ ಸರಿಸಿದ್ದು ಯಾರು?" ಬೆಣ್ಣೆ ಕನ್ನಡಿ ನೋಡಿದಳು, ಮೂತಿಯನ್ನು ನೋಡಿದಳು, ಮತ್ತೆ ಕನ್ನಡಿ ನೋಡಿದಳು. "ನಾನೇ ಸರ್. ನಿನ್ನೆ ಬದಲಾಯಿಸ್ದೆ. ಕೂಗಿ ಹೇಳೋದು ಮರೆತೋಯ್ತು." ಮೂತಿಯ ಕಿವಿ ಕಾದಿತು. ತಪ್ಪನ್ನೂ ಬಿಡಲಿಲ್ಲವಲ್ಲ ಇವಳು! ತನ್ನದು ಎಂದು ಇದ್ದದ್ದು ಈ ಒಂದು ತಪ್ಪು, ಅದನ್ನೂ ಎತ್ತಿಕೊಂಡು ಹೋದಳು. ನಾನು ಎನ್ನಲು ಬಾಯಿ ತೆರೆದಳು, ಸೀಟಿ ಅದೇ ಹೊತ್ತಿಗೆ ಊದಿದ. "ಇಂಥೋಳ ಕೈಗೆ ಬೀಗ ಕೊಟ್ರೆ ಪಾರ್ಕ್‌ಗೇ ಬೀಗ ಬೀಳುತ್ತೆ. ತೆಗಿ ಅದನ್ನ." ಗೊಂಚಲು ಬೆಣ್ಣೆಯ ಕೊರಳಿನಿಂದ ಮೂತಿಯ ಕೊರಳಿಗೆ ಬಂತು, ಇನ್ನೂ ಬೆಚ್ಚಗಿತ್ತು. "ನೀನು ಸುಮ್ನಿರೋ ಹುಡುಗಿ. ನಮಗೆ ಸುಮ್ನಿರೋರೇ ಬೇಕು" ಎಂದ ಸೀಟಿ, ಮೆಚ್ಚುಗೆಯಿಂದ.

ಕೊಳಾಯಿಯ ಬಳಿ ಬೆಣ್ಣೆ ಬಟ್ಟೆ ಹಿಂಡುತ್ತಿದ್ದಳು.

"ಯಾವಾಗಿಂದ?" ಮೂತಿ ಕೇಳಿದಳು.

"ತುಂಬಾ ದಿನ ಆಯ್ತು. ದೊಡ್ಡಮ್ಮಂಗೆ ಬಿಸಿಲಲ್ಲಿ ನೆರಳು ನೆರಳಾಗಿ ಕಾಣುತ್ತಂತೆ. ಒಳಗೆ ಹೋದ್ರೆ ಅದೂ ಇಲ್ಲ. ಅದಕ್ಕೇ ತಿರುವಿಗೊಂದು ಟೇಪ್ ಅಂಟಿಸ್ದೆ. ನಡುಕೋಣೇಲಿ ಅಂಟ್ಸೋಕೆ ಕಂಬ ಇಲ್ಲ, ಅಲ್ಲಿ ಗಾಜನ್ನೇ ಹಿಡ್ಕೊಳ್ತಾರೆ. ನಾನು ಹಿಂದೆ ಒರೆಸ್ತಾ ಬರ್ತೀನಿ, ಒಂದೊಂದ್ಸಲ ತಪ್ಪಿಹೋಗುತ್ತೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳ್ಬೇಡ ಅಂದ್ರು. ಸೀಟಿಗೂ ಹೇಳ್ಬೇಡ, ನಿಂಗಂತೂ ಹೇಳ್ಲೇಬೇಡ ಅಂದ್ರು."

"ಯಾಕಂತೆ?"

"ನಂಗೇನ್ ಗೊತ್ತಕ್ಕ? ನಿಮ್ಮಮ್ಮ ಅಲ್ವಾ." ಬೆಣ್ಣೆ ಬಟ್ಟೆಯನ್ನು ಕೊಡವಿದಳು, ಹನಿಗಳು ಮೂತಿಯ ಮುಖಕ್ಕೆ ಹಾರಿದವು. ಬೇಕೆಂದೇ ಇರಬೇಕು. "ಹಣೆಗೆ ಮುಲಾಮು ತರ್ತೀನಿ. ಜನ ಇಲ್ಲದ ಹೊತ್ತಲ್ಲಿ ಆ ಕನ್ನಡಿ ಎಲ್ಲಿತ್ತೋ ಅಲ್ಲೇ ಹಾಕಿರು. ಹಾಕೋಕೆ ಬರುತ್ತೆ ತಾನೇ ನಿಂಗೆ?" ಅಷ್ಟು ಹೇಳಿ ಹೋದಳು. ಸೂಜಿಯ ದಾರ, ಔಷಧಿ ಶೀಶೆ, ತೋಳಿಗೆ ತೋಳು, ತಟ್ಟೆಯ ಮೇಲೆ ಹಿಡಿದ ಬೆರಳು, ಭುಜದಾಚೆಯ ನೋಟ, ಒಂದೊಂದೂ ಈಗ ಮೂತಿಯ ಎದುರು ಸಾಲಾಗಿ ಬಂದು ಬೇರೆ ಮುಖ ತೋರಿಸಿದವು. ಎಲ್ಲವನ್ನೂ ನೋಡಿದ್ದಳು, ಬೆಣ್ಣೆಗಿಂತ ಹೆಚ್ಚು ಗಮನವಿಟ್ಟು ನೋಡಿದ್ದಳು. ನೋಡಿದ್ದಷ್ಟೇ. ಆಶ್ಚರ್ಯವೆಂದರೆ, ಹೊಟ್ಟೆಯೊಳಗಿನದು ಇದರಿಂದ ಆರಲಿಲ್ಲ. ಅಮ್ಮನ ಕತ್ತಲೆಯಲ್ಲೂ ಬೆಣ್ಣೆಗೇ ಪಾಲು ಸಿಕ್ಕಿತ್ತು.

ಆ ಮಧ್ಯಾಹ್ನ ಜನವಿರಲಿಲ್ಲ. ಮೂತಿ ಸ್ಕ್ರೂಡ್ರೈವರ್ ಹಿಡಿದು ಒಳಗೆ ಹೋದಳು. ದಾರಿಯುದ್ದಕ್ಕೂ ಚೌಕಟ್ಟುಗಳ ಅಂಚನ್ನು ಸವರುತ್ತ ಹೋದರೆ, ಪ್ರತಿ ತಿರುವಿನಲ್ಲೂ, ಸೊಂಟದ ಎತ್ತರದಲ್ಲಿ, ಟೇಪಿನ ಪುಟ್ಟ ತುಂಡು. ಕಣ್ಣಿಗೆ ಕಾಣದಷ್ಟು ಕಪ್ಪು, ಬೆರಳಿಗೆ ತಪ್ಪದಷ್ಟು ಒರಟು. ಕಡೆಯ ತಿರುವಿನ ಟೇಪು ಕನ್ನಡಿಯ ಅಂಚಿಗೇ ಅಂಟಿದ್ದರಿಂದ ಕನ್ನಡಿಯ ಜೊತೆಗೇ ಸರಿದು ಬಂದು, ದಾರಿ ಇಲ್ಲದ ಕಡೆ ದಾರಿ ಎಂದು ಹೇಳಿತ್ತು. ಹೇಳಿಸಿದ್ದು ಮೂತಿ. ತಾನೇ ಬಿಗಿದ ಸ್ಕ್ರೂಗಳು ಜಪ್ಪಯ್ಯ ಎಂದರೂ ಬಹಳ ಹೊತ್ತು ಜಗ್ಗಲಿಲ್ಲ. ಬೊಬ್ಬೆ ಒಡೆದು ಹಿಡಿ ಒದ್ದೆಯಾಯಿತು. ಕನ್ನಡಿಯನ್ನು ಅದರ ಜಾಗಕ್ಕೆ ಮರಳಿಸಿ, ಗೀಟುಗಳನ್ನು ಒಂದೊಂದಾಗಿ ನೆಟ್ಟಗೆ ನಿಲ್ಲಿಸುತ್ತಿರುವಾಗ ಹಿಂದೆ ಪರದೆ ಸರಿದ ಸದ್ದಾಯಿತು. ಚಪ್ಪಲಿಯಿಲ್ಲದ ಕಾಲು, ಅಂಚಿನಿಂದ ಅಂಚಿಗೆ ಸವರಿ ಬರುವ ಬೆರಳು. ಮೂತಿ ಅಲುಗಾಡಿದಳು. ಕೊರಳಿನ ಗೊಂಚಲು ಝಣ್ ಎಂದಿತು.

"ಬೆಣ್ಣೆನಾ?"

ಅಲ್ಲ ಎನ್ನಬೇಕಿತ್ತು. ಆ ಹೆಸರು ಈಗಲೂ ಚುಚ್ಚಿತು. "ಹೂಂ" ಎಂದಳು.

ಅಮ್ಮ ತಿರುವಿಗೆ ಬಂದು ಟೇಪು ಮುಟ್ಟಿದಳು. ಪಕ್ಕಕ್ಕೆ ಕೈ ಚಾಚಿದಳು, ಗಾಳಿ. "ಸರಿಮಾಡಿದ್ಯಾ? ಒಳ್ಳೇದಾಯ್ತು." ಕನ್ನಡಿಗೆ ಬೆನ್ನು ಕೊಟ್ಟು ನಿಂತಳು. ಸುತ್ತ ಅಷ್ಟೊಂದು ಅಮ್ಮಂದಿರು ನಿಂತರು, ಒಬ್ಬಳೂ ಮೂತಿಯ ಕಡೆ ನೋಡುತ್ತಿರಲಿಲ್ಲ. "ಬೆಳಿಗ್ಗೆ ಬಿದ್ದಾಗ ನನ್ ಕೈ ಸ್ಕ್ರೂ ಮೇಲೆ ಹೋಯ್ತು. ಗೀಟು ವಾರೆ. ಕತ್ತು ಹಿಸುಕಿದ ಹಾಗೆ ಬಿಗಿ. ಈ ಪಾರ್ಕಲ್ಲಿ ಹಾಗೆ ತಿರುಗ್ಸೋ ಕೈ ಒಂದೇ ಕಣೇ."

ಮೂತಿ ಗೊಂಚಲನ್ನು ಸದ್ದಾಗದ ಹಾಗೆ ಮುಷ್ಟಿಯಲ್ಲಿ ಹಿಡಿದಳು.

"ನಂಗೆ ಗೊತ್ತಾಯ್ತು ಅಂತ ಅವಳಿಗೆ ಹೇಳ್ಬೇಡ. ಚಿಕ್ಕೋಳಿದ್ದಾಗ ಒಂದು ಏಟು ಹೊಡ್ದಿದ್ದನ್ನೇ ಇನ್ನೂ ಹೊತ್ಕೊಂಡ್ ತಿರುಗ್ತಿದಾಳೆ. ಇದನ್ನೂ ಹೊರ್ಸಿದ್ರೆ ಬಗ್ಗಿಹೋಗ್ತಾಳೆ." ಅಮ್ಮ ಹಣೆಯ ಊತವನ್ನು ಮುಟ್ಟಿ ನೋಡಿಕೊಂಡು ಸಣ್ಣಗೆ ನಕ್ಕಳು. "ಕಣ್ಣಿನ ವಿಷಯಾನೂ ಅಷ್ಟೇ. ಯಾಕೆ ಮುಚ್ಚಿಡ್ತೀಯ ಅಂತ ಕೇಳ್ತಿದ್ಯಲ್ಲ ನೀನು? ಅವಳು ಮೂತಿ ಊದ್ಸೋದೇ ನಾನ್ ನೋಡ್ಲಿ ಅಂತ. ನೋಡೋರಿಲ್ಲ ಅಂತ ಗೊತ್ತಾದ್ರೆ ಪಾಪ, ಯಾರಿಗೇ ಊದ್ಸೋದು ಅವಳು?"

ಮೂತಿ ಬಾಯಿಗೆ ಮೊಣಕೈ ಅಡ್ಡ ಹಿಡಿದಳು. ಇಷ್ಟು ವರ್ಷ ಕೇಳಬೇಕೆಂದು ಕಾದ ಮಾತು ಇಂದು ಬಂದಿತ್ತು, ಬೆಣ್ಣೆಯ ವಿಳಾಸಕ್ಕೆ.

"ಕೈ ಕೊಡು, ಹೊರಗೆ ಹೋಗೋಣ."

ಕೊಟ್ಟರೆ ಗೊತ್ತಾಗುತ್ತದೆ. ಕೊಡದಿದ್ದರೂ ಗೊತ್ತಾಗುತ್ತದೆ. ಮೂತಿ ಕೊಟ್ಟಳು. ಅಮ್ಮನ ಬೆರಳುಗಳು ಅವಳ ಬೆರಳುಗಳ ಮೇಲೆ ಬಂದು, ಕನ್ನಡಿಯ ಮೇಲೆ ಅಂದು ಕೂತ ಹಾಗೆಯೇ, ಒಂದಕ್ಕೊಂದು ಸರಿಯಾಗಿ ಕೂತವು. ಹೆಬ್ಬೆರಳು ಅಂಗೈಯ ಒಡೆದ ಬೊಬ್ಬೆಯ ತನಕ ಹೋಗಿ ನಿಂತಿತು. ಅಲ್ಲೇ ಸ್ವಲ್ಪ ಹೊತ್ತು ಇತ್ತು. ಆಮೇಲೆ, ನೋವಾಗದ ಹಾಗೆ, ಬದಿಗೆ ಸರಿಯಿತು.

"ನಡಿ ಬೆಣ್ಣೆ," ಅಂದಳು ಅಮ್ಮ.

"ಬಾ ದೊಡ್ಡಮ್ಮ," ಅಂದಳು ಮೂತಿ.

ನೆಲ ನೋಡಿಕೊಂಡು, ತಿರುವು ತಿರುವಿಗೂ ಅಮ್ಮನಿಗಾಗಿ ನಿಧಾನಿಸುತ್ತ, ಹೊರಗಿನ ಬೆಳಕಿನವರೆಗೂ ಅವಳು ಮೂತಿ ಊದಿಸಿಕೊಂಡೇ ನಡೆದಳು.